ಕಬ್ಬಿಣ ಸೋಕದ ಮರ

ನಮ್ಮ ಅತ್ತೆಗೆ ಕೊಡುವುದೊಂದು ಚಟ. ಬೇರೆ ಮನೆಯ ಅತ್ತೆಯರು ಸೊಸೆಗೆ ಒಂದು ಮೂಲಂಗಿ ಕೊಡಬೇಕಾದರೂ ಎರಡು ಸಲ ಯೋಚಿಸುತ್ತಾರಂತೆ. ನಮ್ಮ ಹತ್ಸುನೊ ಅಮ್ಮ ಮೈಮೇಲಿನ ಹತ್ತಿಯ ಅಂಗಿಯನ್ನೇ ಯಾರಿಗೋ ಬಿಚ್ಚಿಕೊಟ್ಟು ಹಿಮದಲ್ಲಿ ನಡುಗುತ್ತ ಮನೆಗೆ ಬಂದವರು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ನಾನು ಅವರ ಎದುರಿಗೇ ಅಂದಿದ್ದೇನೆ. ಅವರು ಹಲ್ಲಿಲ್ಲದ ಬಾಯಿ ತೆರೆದು ನಕ್ಕಿದ್ದಾರೆ. ಅಂಗಿ ಹೋದರೆ ಹೋಗಲಿ, ಹೊಲಿಯಬಹುದು. ಆದರೆ ಅವರು ತಮ್ಮ ಜಪಸರವನ್ನೂ ಕೊಟ್ಟುಬಿಟ್ಟರು.

ಅದು ಅಂಗಡಿಯ ಸರವಲ್ಲ. ಜಪಾನಿನ ಈ ಶಿನಾನೊ ಬೆಟ್ಟಗಳ ನಡುವೆ ನಮ್ಮದೊಂದು ಸಣ್ಣ ಮಠ. ಅದರ ಅಂಗಳದಲ್ಲಿ ಬೋಧಿ ಮರವಿತ್ತು. ಬುದ್ಧ ಕೂತಿದ್ದ ಅಸಲಿ ಬೋಧಿ ನಮ್ಮ ಹಿಮದಲ್ಲಿ ಒಂದು ಚಳಿಗಾಲವೂ ಉಳಿಯುವುದಿಲ್ಲ. ಚೀನಾದಿಂದ ಹಿಂದಿನವರು ತಂದ ಲಿಂಡೆನ್ ಜಾತಿಯ ಮರವೊಂದರ ಎಲೆಯೂ ಹೃದಯದ ಆಕಾರಕ್ಕೇ ಇತ್ತು. ಸಾಕು ಎಂದು ಅದನ್ನೇ ಬೋಧಿ ಎಂದು ಕರೆದು ಕೈಮುಗಿದರು, ನಾವೂ ಮುಗಿಯುತ್ತೇವೆ. ಅದರ ಕಾಯಿಗೆ ತೂತು ಕೊರೆದು ಪೋಣಿಸಿದ ಸರವನ್ನು ನಮ್ಮೂರಲ್ಲಿ ಸತ್ತವರ ಕೈಗೆ ಸುತ್ತಿ ಕಳಿಸುತ್ತೇವೆ. ಒಂದೇ ಮರದ ಮಣಿ ಹಿಡಿದು ಹೋದವರು ಆಚೆ ದಡದಲ್ಲಿ ಒಬ್ಬರಿಗೊಬ್ಬರು ಸಿಗುತ್ತಾರೆ ಎಂದು ನಂಬಿಕೆ.

ನನ್ನ ಗಂಡ ಶೋಗೆನ್ ಮಠದ ಗುರುಗಳಾಗಿದ್ದರು, ನಮ್ಮಲ್ಲಿ ಗುರುಗಳೂ ಸಂಸಾರಿಗಳೇ. ಯಾವ ಸೂತ್ರದಲ್ಲೂ ಹೀಗೆ ಬರೆದಿಲ್ಲ ಎಂದು ಅವರೇ ಹೇಳುತ್ತಿದ್ದರು. ಹೇಳುತ್ತಲೇ, ಮದುವೆಯಾದ ವರ್ಷ ಜಗಲಿಯಲ್ಲಿ ಕೂತು ಒಂದೇ ಕೊಂಬೆಯ ಕಾಯಿಯಲ್ಲಿ ಎರಡು ಸರ ಮಾಡಿದರು, ತಮಗೊಂದು, ನನಗೊಂದು. ಅವರದು ಅವರ ಜೊತೆ ಬೆಂಕಿಗೆ ಹೋಯಿತು. ನನ್ನದನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯ ತಳದಲ್ಲಿ ಇಟ್ಟಿದ್ದೆ. ದಿನದ ಪ್ರಾರ್ಥನೆಗೆ ಗಾಜಿನ ಮಣಿಯ ಸರ ಸಾಕಾಗಿತ್ತು.

ಅತ್ತೆ ತಮ್ಮದನ್ನು ಕೊಟ್ಟದ್ದು ಪಕ್ಕದ ಮನೆಯ ಸುಗಾ ಅಜ್ಜಿಗೆ. ಆಕೆ ತೀರಿಕೊಂಡಾಗ ನೋಡಿದರೆ ಆಕೆಯ ಸರವನ್ನು ಇಲಿ ತಿಂದುಹಾಕಿತ್ತು. ಆ ಹೊತ್ತಿಗೆ ಮಠದ ಮರ ಕಾಯಿ ಬಿಡುವುದನ್ನು ನಿಲ್ಲಿಸಿತ್ತು. ಅತ್ತೆ ಹಿಂದುಮುಂದು ನೋಡದೆ ತಮ್ಮ ಸರ ತೆಗೆದು ಸುಗಾ ಅಜ್ಜಿಯ ಬೆರಳಿಗೆ ಸುತ್ತಿದರು.

"ನಿಮಗೇನು ತಲೆಗಿಲೆ ಕೆಟ್ಟಿದ್ಯಾ ಅತ್ತೆ? ನಾಳೆ ನಿಮಗೆ ಏನು ಗತಿ?" ಎಂದು ಮನೆಗೆ ಬಂದ ಮೇಲೆ ಕೂಗಾಡಿದೆ.

"ತೊರೆ ಪಕ್ಕ ನಾನು ನೆಟ್ಟ ಮರಿ ಮರ ಇದ್ಯಲ್ಲೇ ಮಿತ್ಸು. ಅದು ಕಾಯಿ ಬಿಡೋವರೆಗೂ ನಾನು ಸಾಯಲ್ಲ ಬಿಡು. ಶೋಗೆನ್ ಕಾಯ್ತಾ ಇರ್ತಾನೆ, ಅವನ ಮುಂದೆ ಬರಿಗೈಲಿ ಹೋಗಿ ನಿಂತ್ಕೊಳ್ಳಕ್ಕಾಗತ್ತಾ?"

ಒಬ್ಬನೇ ಮಗ. ಮಗನನ್ನು ತಾಯಿ ತಾನೇ ಬೆಂಕಿಗೆ ಕಳಿಸಿದ ಮೇಲೆ ಅವರಿಗೆ ಉಳಿದಿದ್ದ ಆಸೆ ಇದೊಂದೇ.

ಮರ ಯಾಕೆ ಕಾಯಿ ಬಿಡುವುದನ್ನು ನಿಲ್ಲಿಸಿತು ಎಂದು ಕೇಳಿ. ಕುರಾಜಿಯ ಕೃಪೆ. ಕುರಾಜಿ ಎಂದರೆ ನಮ್ಮ ಮಠದ ಭಕ್ತಮಂಡಳಿಯ ಮುಖ್ಯಸ್ಥ, ನನ್ನ ಗಂಡನ ಬಾಲ್ಯದ ಗೆಳೆಯ, ಬಾಯಿ ದೊಡ್ಡದು, ಬುದ್ಧಿಯ ವಿಷಯ ನಾನು ಹೇಳುವುದಿಲ್ಲ. ಶೋಗೆನ್ ಅವರ ಮೂರನೆಯ ವರ್ಷದ ತಿಥಿಗೆ ಜನ ಕಾರಿನಲ್ಲಿ ಬರುತ್ತಾರೆ, ಕೆಸರಲ್ಲಿ ಕಾರು ಹೂತರೆ ಮಠದ ಮರ್ಯಾದೆ ಹೋಗುತ್ತದೆ ಎಂದು ಅಂಗಳಕ್ಕೆಲ್ಲ ಡಾಂಬರು ಹಾಕಿಸಿದ. ಮರದ ಬುಡಕ್ಕೆ ಒಂದು ಹಿಡಿ ಮಣ್ಣು ಬಿಟ್ಟು ಸುತ್ತಲೂ ಕಪ್ಪಗೆ ನುಣ್ಣಗೆ ಬಳಿದ. ಆ ಮರಕ್ಕೆ ಆಳವಾದ, ತೇವ ಆರದ ಮಣ್ಣು ಬೇಕು. ಬೇರು ಉಸಿರಾಡಬೇಕು, ಉದುರಿದ ಎಲೆ ಅಲ್ಲೇ ಕೊಳೆಯಬೇಕು. ಬೇಡ ಕಣಯ್ಯಾ ಎಂದು ನಾನು ಬಾಯಿ ಬಡಿದುಕೊಂಡೆ.

"ಅತ್ತಿಗೆ, ನೀವು ಅಡುಗೆಮನೆ ನೋಡ್ಕೊಳ್ಳಿ. ಇನ್ನೂರು ವರ್ಷದ ಮರ ಇದು, ಒಂದು ಡಬ್ಬ ಡಾಂಬರಿಗೆ ಹೆದರತ್ತಾ?" ಎಂದ.

ಹೆದರಿತು. ಎರಡೇ ವರ್ಷದಲ್ಲಿ ತುದಿಯ ಕೊಂಬೆಗಳು ಒಣಗಿದವು. ಜುಲೈನಲ್ಲಿ ಅಂಗಳವೆಲ್ಲ ಘಮ್ಮೆನ್ನುತ್ತಿದ್ದ ಹೂವು ಅಲ್ಲೊಂದು ಇಲ್ಲೊಂದು ಗೊಂಚಲಿಗೆ ಇಳಿಯಿತು. ಜೇನುಹುಳುಗಳೂ ನಮ್ಮ ಮನೆಯ ದಾರಿ ಮರೆತವು. ಮರ ಅವಸರದಲ್ಲಿ ಬುಡದ ಸುತ್ತ ಚಿಗುರು ಎಬ್ಬಿಸಿತು, ಡಾಂಬರನ್ನು ಸೀಳಿಕೊಂಡು ಒಂದೊಂದು ಬೆರಳು ದಪ್ಪದ ಚಿಗುರು. ಅತ್ತೆ ಅವನ್ನು ಕಂಡು ಬಾಣಂತಿಯ ಮನೆಗೆ ಬಂದವರಂತೆ ಹಿಗ್ಗಿದರು.

"ನೋಡೇ, ಹೋಗೋ ಮುಂಚೆ ಮಕ್ಕಳನ್ನ ಹೆತ್ತಿದೆ" ಎಂದರು.

ನಮ್ಮ ಮಠದಲ್ಲಿ ಒಂದು ಕಟ್ಟಳೆ. ಬೋಧಿ ಮರಕ್ಕೆ ಕಬ್ಬಿಣ ಸೋಕಿಸಬಾರದು. ಕತ್ತಿಯಿಲ್ಲ, ಗರಗಸವಿಲ್ಲ, ಹೂ ಕೀಳುವ ಕತ್ತರಿಯೂ ಇಲ್ಲ. ಮರ ತಾನಾಗಿ ಉದುರಿಸಿದ್ದನ್ನು, ತಾನಾಗಿ ನೆಲದಿಂದ ಎಬ್ಬಿಸಿದ್ದನ್ನು ಮಾತ್ರ ತೆಗೆದುಕೊಳ್ಳಬಹುದು. ಅತ್ತೆ ಕಟ್ಟಳೆ ಮೀರುವ ಹೆಂಗಸಲ್ಲ. ಒಂದು ಗಟ್ಟಿ ಚಿಗುರನ್ನು ಆರಿಸಿ ಅದರ ಬುಡಕ್ಕೆ ನಾರಿನ ಹುರಿಯನ್ನು ಬಿಗಿಯಾಗಿ ಬಿಗಿದರು. ಮೇಲಿನ ರಸ ಕೆಳಗಿಳಿಯದೆ ಕಟ್ಟಿನ ಮೇಲೆ ಉಬ್ಬಿ ಅಲ್ಲೇ ಬೇರು ಬಿಡುತ್ತದೆ. ಅದರ ಸುತ್ತ ಎಲೆಗೊಬ್ಬರ ಬೆರೆಸಿದ ಮಣ್ಣು ಗುಡ್ಡೆ ಹಾಕಿದರು. ಎರಡು ಮಳೆಗಾಲ ಆ ಗುಡ್ಡೆಯನ್ನು ಒಣಗಲು ಬಿಡಲಿಲ್ಲ. ಆಮೇಲೆ ಮರದ ಸಲಿಕೆಯಿಂದ ಮಣ್ಣು ಬಿಡಿಸಿ, ಕೈಯಿಂದಲೇ ತಿರುಚಿ ತಿರುಚಿ ತಾಯಿಯಿಂದ ಬೇರೆ ಮಾಡಿದರು. ಕೆಳಗೆ ಬಿಳಿಯ ಬೇರಿನ ಗಡ್ಡವಿತ್ತು. ಮಠದ ಹಿಂದೆ, ತೊರೆಯ ಪಕ್ಕ, ಗಾಳಿ ತಾಗದ ಕಡೆ ನೆಟ್ಟರು.

ಬೀಜದಿಂದ ಯಾಕೆ ಬೆಳೆಸಲಿಲ್ಲ ಎಂದರೆ, ಆ ಮರದ ಬೀಜದಷ್ಟು ಸೋಮಾರಿ ಈ ಲೋಕದಲ್ಲಿಲ್ಲ. ಮುಕ್ಕಾಲು ಕಾಯಿ ಒಳಗೆ ಪೊಳ್ಳು. ಪೊಳ್ಳಲ್ಲದ್ದು ಮಣ್ಣಿನಲ್ಲಿ ಒಂದು ಚಳಿಗಾಲ ಮಲಗಿ, ಸಾಲದೆಂದು ಇನ್ನೊಂದು ಚಳಿಗಾಲ ಮಲಗಿ, ಏಳಬೇಕೋ ಬೇಡವೋ ಎಂದು ಯೋಚಿಸುತ್ತದೆ. ಅಷ್ಟರಲ್ಲಿ ಇಲಿ ಬಂದು ಊಟ ಮುಗಿಸುತ್ತದೆ. ಮೊದಲ ವರ್ಷಗಳಲ್ಲಿ ಅತ್ತೆ ಅದನ್ನೂ ಮಾಡಿ ನೋಡಿ ಕೈಬಿಟ್ಟಿದ್ದರು.

ಮರಿ ಮರ ಬೆಳೆಯಿತು. ಬೇಸಿಗೆಯಲ್ಲಿ ಅತ್ತೆ ತೊರೆಯ ನೀರು ಹೊತ್ತು ಹಾಕಿದರು. ಚಳಿಗಾಲಕ್ಕೆ ಮುಂಚೆ ಬುಡಕ್ಕೆ ಒಣಹುಲ್ಲು ಹೊದಿಸಿ, ಹಿಮದ ಭಾರಕ್ಕೆ ಕೊಂಬೆ ಸೀಳದಂತೆ ಹುಲ್ಲಿನ ಹಗ್ಗದಿಂದ ಮೇಲಕ್ಕೆ ಎತ್ತಿ ಕಟ್ಟಿದರು. ಕಣ್ಣು ಮಂಜಾಗುತ್ತ ಬಂದ ಮೇಲೆ ಆ ಕೆಲಸ ನನಗೆ ಬಂತು, ಅವರು ಪಕ್ಕದಲ್ಲಿ ನಿಂತು ಬೈಯುವ ಕೆಲಸ ಇಟ್ಟುಕೊಂಡರು. ಎಲೆಯ ಕೆಳಮೈಯನ್ನು ಬೆರಳಿನಿಂದ ಸವರಿ, "ತಾಯಿಗಿದ್ದ ಹಾಗೇ ನವಿರು, ಬೆಕ್ಕಿನ ಕಿವಿ ಮುಟ್ಟಿದ ಹಾಗಿದೆ" ಎನ್ನುತ್ತಿದ್ದರು.

"ಎಲೆ ತುಂಬ ಅಗಲ ಇದೆ ಅತ್ತೆ, ಹಳೆ ಮರದ್ದು ಇಷ್ಟು ಇರ್ಲಿಲ್ಲ" ಎಂದು ನಾನು ಒಮ್ಮೆ ಅಂದೆ.

"ಎಳೇ ಮೈ ಅಲ್ವಾ, ತಿಂದು ತೇಗ್ತಾ ಇದೆ. ನಿನ್ನ ಮಗ ನಿನಗಿಂತ ಎತ್ತರ ಬೆಳೀಲಿಲ್ವಾ?"

ನನ್ನ ಮಗ ಎಶುನ್, ಈಗ ಮಠದ ಗುರು, ನಿಜವಾಗಿಯೂ ಬಾಗಿಲಿಗೆ ತಲೆ ತಾಗಿಸಿಕೊಂಡೇ ಓಡಾಡುತ್ತಾನೆ.

ಈ ನಡುವೆ ಹಳೆಯ ಮರ ಪೂರ್ತಿ ಸತ್ತಿತು. ಒಂದು ವಸಂತದಲ್ಲಿ ಚಿಗುರಲಿಲ್ಲ, ಅಷ್ಟೇ. ಗಾಳಿಗೆ ಮಠದ ಮಾಡಿನ ಮೇಲೆ ಬಿದ್ದೀತೆಂದು ಕುರಾಜಿಯೇ ಯಂತ್ರದ ಗರಗಸ ತಂದು ಉರುಳಿಸಿದ. ಸತ್ತ ಮೇಲೆ ಕಬ್ಬಿಣ ಪರವಾಗಿಲ್ಲವಂತೆ.

ಹೋದ ಬೇಸಿಗೆಯಲ್ಲಿ ಮರಿ ಮರ ಮೊದಲ ಸಲ ಹೂ ಬಿಟ್ಟಿತು. ಅತ್ತೆಗೆ ತೊಂಬತ್ತು ದಾಟಿ, ಹೃದಯ ಆಗಾಗ ಮುಷ್ಕರ ಹೂಡುತ್ತಿತ್ತು. ಬರುವ ಹೂಗಾಲವನ್ನು ಇವರು ನೋಡುವುದು ಕಷ್ಟ ಎಂದು ಡಾಕ್ಟರು ನನಗೂ ಎಶುನನಿಗೂ ಹೇಳಿದ್ದರು. ನಾವು ಅತ್ತೆಗೆ ಹೇಳಿರಲಿಲ್ಲ. ಅವರನ್ನು ಕುರ್ಚಿಯ ಮೇಲೆ ಕೂರಿಸಿ ಮರದ ಕೆಳಗೆ ಇಟ್ಟೆವು. ಮೂಗು ಎತ್ತಿ ಮಧ್ಯಾಹ್ನವೆಲ್ಲ ಕೂತಿದ್ದರು. ಅಂದಿನಿಂದ ದಿನಾ ಒಂದೇ ಪ್ರಶ್ನೆ.

"ಬಲಿತಾವೇನೇ?"

"ಇಲ್ಲ ಅತ್ತೆ, ಇನ್ನೂ ಹಸಿರು."

ಅಕ್ಟೋಬರಿನಲ್ಲಿ ಬಲಿತವು. ನಾನು ಬುಟ್ಟಿ ಹಿಡಿದು ಹೋಗಿ ಕೆಳಗೆ ಉದುರಿದ್ದ ಮೊದಲ ಗೊಂಚಲು ಹೆಕ್ಕಿ, ಅಂಗೈಯಲ್ಲಿ ಉಜ್ಜಿ, ಮೇಲಿನ ಧೂಳಿನಂಥ ನವಿರು ತೆಗೆದೆ. ಬೆರಳಿಗೆ ಏನೋ ತಡೆಯಿತು. ಇನ್ನೊಂದು ಉಜ್ಜಿದೆ, ಮತ್ತೊಂದು. ಪ್ರತಿ ಕಾಯಿಯ ಮೇಲೂ ತೊಟ್ಟಿನಿಂದ ತುದಿಯವರೆಗೆ ಐದು ಏಣು ಎದ್ದಿದ್ದವು. ನಮ್ಮ ಮರದ ಕಾಯಿ ಬಟಾಣಿಯ ಹಾಗೆ ಗುಂಡಗೆ ಇರುತ್ತಿತ್ತು. ಮದುವೆಯಾಗಿ ಬಂದಾಗಿನಿಂದ ಅದನ್ನು ಹೆಕ್ಕಿದವಳು ನಾನು, ನನಗೆ ಗೊತ್ತಿಲ್ಲವೇ?

ಸಸಿ ಮಾರುವ ನೀಮುರಾನನ್ನು ಅತ್ತೆಗೆ ಗೊತ್ತಾಗದಂತೆ ಕರೆಸಿದೆ. ಅವನು ಕಾಯಿ ನೋಡಿದ, ಎಲೆ ನೋಡಿದ, ಆಮೇಲೆ ಅಂಗಳಕ್ಕೆ ಹೋಗಿ ಹಳೆಯ ಮರದ ಮೊಂಡನ್ನು ನೋಡಿದ. ಮೊಣಕಾಲೆತ್ತರದ ಮೊಂಡು. ಅದರ ಸುತ್ತ ಬಳೆಯಂತೆ ಉಬ್ಬಿದ ಒಂದು ಗೆರೆ. ನಾವು ಅದರ ಮೇಲೆ ಕೂತು ಅವರೆಕಾಯಿ ಬಿಡಿಸಿದ್ದೇವೆ, ಅದೇನೆಂದು ಯಾರೂ ಕೇಳಿರಲಿಲ್ಲ.

"ಕಸಿ ಕಟ್ಟಿದ ಮರ ಅಮ್ಮಾವ್ರೇ ಇದು. ಮೇಲಿಂದು ನಿಮ್ಮ ಬೋಧಿ. ಬುಡ ನಮ್ಮ ಬೆಟ್ಟದ್ದೇ, ಅಗಲ ಎಲೆ ಜಾತಿ. ಎಲೆ ಅಡಿ ಅದಕ್ಕೂ ಬೆಳ್ಳಗಿರತ್ತೆ, ಅದಕ್ಕೇ ಮೋಸ ಹೋಗಿದೀರಿ. ಬುಡದಿಂದ ಎದ್ದಿದ್ದು ಬುಡದ ಮಗು, ಬೋಧಿ ಮಗು ಅಲ್ಲ."

"ಮತ್ತೆ ಬೋಧಿದು ಹೇಗೆ ಮಾಡ್ಬೇಕಿತ್ತು?"

"ಮೇಲಿನ ಒಂದು ಕಡ್ಡಿ ಸಾಕಿತ್ತು. ಫೆಬ್ರವರಿಲಿ, ರಸ ಏರೋಕೆ ಮುಂಚೆ, ಪೆನ್ಸಿಲ್‌ನಷ್ಟು ಉದ್ದದ್ದು ಕುಯ್ದು, ಇಂಥದ್ದೇ ಬೆಟ್ಟದ ಸಸಿ ಮೇಲೆ ಕೂರಿಸಿ ಕಟ್ಟಿದ್ರೆ ಆಗೋಗಿತ್ತು. ಅಷ್ಟು ವರ್ಷ ಮೇಲೆ ಜೀವ ಇತ್ತಲ್ಲ, ಯಾರೂ ಒಂದು ಕಡ್ಡಿ ಕುಯ್ಲಿಲ್ವಾ?"

"ಕಬ್ಬಿಣ ಸೋಕಿಸಬಾರದು" ಎಂದೆ.

ನೀಮುರಾ ಹಲ್ಲಿನ ಸಂದಿಯಿಂದ ಉಸಿರೆಳೆದುಕೊಂಡು ಮೊಂಡಿನ ಗೆರೆಯ ಮೇಲೆ ಬೆರಳಿಟ್ಟು ತೋರಿಸಿದ. ಇನ್ನೂರು ವರ್ಷದ ಹಿಂದೆ ಯಾರೋ ಕತ್ತಿ ಹಿಡಿದು, ಕುಯ್ದು, ಸೀಳಿ ಮಾಡಿದ ಮರವಂತೆ ಅದು. ಅದಕ್ಕೆ ಕಬ್ಬಿಣ ತಾಗಬಾರದು ಎಂದು ನಾವು ಕಾವಲು ಕಾದೆವು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಅಂದು ಕಸಿಗೆ ಕಡ್ಡಿ ಕೊಟ್ಟಿದ್ದ ನಮ್ಮ ಮೂಲ ಮಠದ ಮರವಾದರೂ ಇದೆಯೇ ಎಂದು ಎಶುನ್ ಫೋನು ಮಾಡಿ ಕೇಳಿದ. ಅದು ಅಜ್ಜಂದಿರ ಕಾಲದಲ್ಲೇ ಮಠದ ಜೊತೆ ಸುಟ್ಟುಹೋಗಿತ್ತು.

ಆದರೂ ಕೈ ಕಟ್ಟಿ ಕೂರುವ ಜಾಯಮಾನ ನನ್ನದಲ್ಲ. ಉಗ್ರಾಣದಲ್ಲಿ ಹಳೆಯ ಮರದ ಕಾಯಿ ತುಂಬಿದ ಒಂದು ಜಾಡಿ ಸಿಕ್ಕಿತು, ಒಡೆದವು, ಸೊಟ್ಟವು, ಸರಕ್ಕೆ ಬಾರದವು. ಮೊಳೆಯುವ ಬೀಜವಿದ್ದರೆ ಮುಳುಗುತ್ತದೆ ಎಂದು ನೀರಿಗೆ ಹಾಕಿದೆ. ಎಲ್ಲವೂ ತೇಲಿದವು. ಆಮೇಲೆ ನೆನಪಾಯಿತು, ಹುಳು ಹಿಡಿಯದಿರಲಿ ಎಂದು ನಾವೇ ಅವನ್ನು ಉಪ್ಪುನೀರಿನಲ್ಲಿ ಕುದಿಸಿ ಇಡುತ್ತಿದ್ದೆವು. ಊರಿನ ಮನೆಮನೆಯಲ್ಲೂ ಆ ಮರದ ಬೀಜ ಇದೆ, ಎಲ್ಲ ಬೆಂದದ್ದು, ಎಲ್ಲಕ್ಕೂ ತೂತು. ಅವರವರ ಸರ ಅವರವರಿಗೆ ಬೇಕು. ಯಾರ ಮನೆಯ ಬಾಗಿಲಿಗೆ ಹೋಗಿ, ನಿಮ್ಮ ಗಂಡ ನಿಮಗೆ ಸಿಗದಿದ್ದರೂ ಪರವಾಗಿಲ್ಲ, ನಮ್ಮ ಅತ್ತೆಗೆ ಕೊಡಿ ಎಂದು ಕೇಳಲಿ?

"ಅಜ್ಜಿಗೆ ಹೇಳ್ಬಿಡೋಣ ಅಮ್ಮ" ಎಂದ ಎಶುನ್. "ಆ ನಂಬಿಕೆ ಸೂತ್ರದಲ್ಲೇನೂ ಇಲ್ವಲ್ಲ."

"ಸೂತ್ರದಲ್ಲಿ ಇಲ್ದಿದ್ರೆ ಏನಂತೆ, ಅವರ ಎದೇಲಿದೆ. ಹದಿಮೂರು ವರ್ಷ ನೀರು ಹೊತ್ತಿದಾರೆ ಕಣೋ. ನೀನು ಹೇಳ್ತೀಯಾ? ಹೋಗು, ಹೇಳು, ನೋಡೋಣ."

ಅವನು ಹೋದ. ಅಜ್ಜಿಯ ಮುಂದೆ ಕೂತ. ಚಹಾ ಕುಡಿದು, ಹವೆಯ ಬಗ್ಗೆ ಮಾತಾಡಿ, ಬಾಗಿಲಿಗೆ ತಲೆ ತಾಗಿಸಿಕೊಂಡು ವಾಪಸು ಬಂದ.

ಬಾಯಲ್ಲಿ ಬಿಸಿ ತುಪ್ಪ, ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ಒಳಕೋಣೆಯಿಂದ ಅತ್ತೆ ಕೂಗುತ್ತಿದ್ದರು, ಬಲಿತಾವೇನೇ, ಹಿಮ ಬೀಳೋ ಹೊತ್ತಾಯ್ತಲ್ಲೇ ಎಂದು. ನಾನು ಪೆಟ್ಟಿಗೆ ತೆರೆದೆ. ನನ್ನ ಗಂಡ ಕಟ್ಟಿದ್ದ ದಾರ ಕತ್ತರಿಸಿದೆ. ಸುಳ್ಳು ಹೇಳುವುದಿಲ್ಲ, ಹೊಟ್ಟೆ ಉರಿಯಿತು. ಅವರೊಬ್ಬರೇ ಮಗನನ್ನು ಕಳೆದುಕೊಂಡವರೇ? ನಾನು ಗಂಡನನ್ನು ಕಳೆದುಕೊಂಡಿಲ್ಲವೇ? ಆದರೆ ನನಗೆ ಇನ್ನೂ ಸ್ವಲ್ಪ ಕಾಲವಿದೆ, ಅವರಿಗಿಲ್ಲ. ಮಣಿಗಳನ್ನು ಒಂದು ರಾತ್ರಿ ಹಸಿ ತೌಡಿನಲ್ಲಿ ಹೂತಿಟ್ಟು ಪೆಟ್ಟಿಗೆಯ ವಾಸನೆ ತೆಗೆದೆ. ಹೊಸ ದಾರದಲ್ಲಿ ಪೋಣಿಸಿ ಅವರ ಅಂಗೈಯಲ್ಲಿ ಇಟ್ಟೆ.

"ತಗೊಳ್ಳಿ. ನಿಮ್ಮ ಮರದ್ದು."

ಅವರು ಹೆಬ್ಬೆರಳಿನಿಂದ ಒಂದೊಂದೇ ಮಣಿ ತಿರುಗಿಸಿದರು.

"ಗುಂಡಗಿದೆ" ಎಂದರು. "ತಾಯಿದಕ್ಕೂ ಇದಕ್ಕೂ ಒಂಚೂರೂ ವ್ಯತ್ಯಾಸ ಇಲ್ಲ ಕಣೇ ಮಿತ್ಸು. ನಾನು ಹೇಳ್ಲಿಲ್ವಾ? ನೀನು ಎಲೆ ಅಗಲ ಎಲೆ ಅಗಲ ಅಂತಿದ್ದೆ!"

"ಹೂಂ, ನೀವೇ ಗೆದ್ರಿ" ಎಂದೆ.

ಸರವನ್ನು ಕೆನ್ನೆಗೆ ಒತ್ತಿಕೊಂಡು ಅವರು ಅತ್ತರು. ಅಂದಿನಿಂದ ಒಂದು ಬಟ್ಟಲು ಅನ್ನ ಹೆಚ್ಚು ತಿಂದರು. ಕೊಟ್ಟದ್ದು ಸಾರ್ಥಕ ಎಂದು ನಾನೂ ಸಮಾಧಾನ ಮಾಡಿಕೊಂಡೆ.

ಜನವರಿಯಲ್ಲಿ ಸೊಂಟದೆತ್ತರ ಹಿಮ ಬಿತ್ತು. ಆಳು ಬರುವವರೆಗೆ ತಡಿ ಎಂದು ಮನೆಯವರು ಹೇಳಿದರೂ ಕೇಳದೆ ಕುರಾಜಿ ತನ್ನ ಮನೆಯ ಮಾಡಿನ ಹಿಮ ತಳ್ಳಲು ತಾನೇ ಏಣಿ ಹತ್ತಿದ. ಹಿಮದ ಜೊತೆ ತಾನೂ ಜಾರಿ ಬಿದ್ದ. ಹಿಮದ ಅಡಿಯಿಂದ ತೆಗೆಯುವಷ್ಟರಲ್ಲಿ ಮುಗಿದಿತ್ತು. ಅವನ ಮೇಲೆ ನನಗೆ ಎಷ್ಟೇ ಸಿಟ್ಟಿರಲಿ, ಹಾಗೆ ಸಾಯಲಿ ಎಂದು ಬಯಸಿರಲಿಲ್ಲ.

ಅವನ ಹೆಂಡತಿ ಅಳುತ್ತ ಬಂದು ಹೇಳಿದಳು, ಕುರಾಜಿಯ ಸರ ಮನೆಯಲ್ಲಿಲ್ಲ. ಕ್ಷೇಮಕ್ಕೆ ಇರಲಿ ಎಂದು ಕಾರಿನ ಕನ್ನಡಿಗೆ ನೇತುಹಾಕಿದ್ದನಂತೆ. ಆ ಕಾರು ಮಾರಿದಾಗ ಸರವೂ ಅದರ ಜೊತೆ ಹೋಯಿತಂತೆ. ಕೇಳಿ ನನಗೆ ಇದ್ದ ಕನಿಕರವೂ ಇಳಿಯಿತು. ಅಷ್ಟರಲ್ಲಿ ಒಳಗಿನಿಂದ ಅತ್ತೆ ಗೋಡೆ ಹಿಡಿದುಕೊಂಡು ಬಂದರು. ಕೈಯಲ್ಲಿ ಸರವಿತ್ತು.

ನನಗೆ ತಕ್ಷಣ ಅರ್ಥವಾಯಿತು. ಎದ್ದು ಅವರ ಕೈ ಹಿಡಿದುಕೊಂಡೆ.

"ಬೇಡ ಅತ್ತೆ. ಅದು ನಿಮ್ಮದು."

"ನಮ್ಮ ಕುರಾಜಿನೇ. ಶೋಗೆನ್ ಜೊತೆ ನನ್ನ ಕೈಯಲ್ಲೇ ಉಂಡು ಬೆಳೆದ ಹುಡುಗ. ಬರಿಗೈಲಿ ಕಳಿಸ್ತೀಯಾ?"

"ಡಾಂಬರು ಹಾಕಿ ಮರ ಕೊಂದವನು ಅತ್ತೆ ಅವನು!"

ಅವನ ಹೆಂಡತಿ ಅಲ್ಲೇ ಕೂತಿದ್ದಳು. ಬಾಯಿಂದ ಜಾರಿದ ಮಾತು, ಏನು ಮಾಡಲಿ? ಅವಳು ತಲೆ ತಗ್ಗಿಸಿದಳು.

"ಪಾಪ, ಒಳ್ಳೇದಕ್ಕೇ ಮಾಡ್ದ. ಬಿಡೇ" ಎಂದರು ಅತ್ತೆ. "ನನಗೇನು ಅವಸರ? ಮರ ಇದ್ಯಲ್ಲ. ಮುಂದಿನ ವರ್ಷ ಮತ್ತೆ ಬಿಡತ್ತೆ, ಇನ್ನೂ ಜಾಸ್ತಿ ಬಿಡತ್ತೆ."

ಹೇಳಬೇಕೆಂದು ಬಾಯಿ ತೆರೆದೆ. ಆ ಮರ ಬೋಧಿಯಲ್ಲ ಎಂದರೆ ಸರ ಉಳಿಯುತ್ತಿತ್ತು, ಅವರು ಉಳಿಯುತ್ತಿರಲಿಲ್ಲ. ಎಶುನ್ ಬಾಗಿಲಲ್ಲಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದ. ಅತ್ತೆ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಸರವನ್ನು ಕುರಾಜಿಯ ಹೆಂಡತಿಯ ಮಡಿಲಿಗೆ ಹಾಕಿದರು. ಅವಳು ನೆಲಕ್ಕೆ ಹಣೆ ಹಚ್ಚಿ ನಮಸ್ಕರಿಸಿದಳು.

ಮರುದಿನ ಎಶುನ್ ಮಂತ್ರ ಹೇಳುತ್ತ ಆ ಸರವನ್ನು ಕುರಾಜಿಯ ದಪ್ಪ ಬೆರಳುಗಳಿಗೆ ಸುತ್ತಿದ. ಎರಡು ಸುತ್ತು ಬರಬೇಕಾದದ್ದು ಒಂದೂವರೆಯೇ ಬಂತು. ಶವಪೆಟ್ಟಿಗೆ ಮುಚ್ಚಿದರು. ಹೆಣ ಸುಡುವ ಮನೆಯ ಕೊಳವೆಯಿಂದ ಹೊಗೆ ಎದ್ದು, ಹಿಮದ ಆಕಾಶದಲ್ಲಿ ಎಲ್ಲಿ ಹೋಯಿತೋ ಕಾಣಲಿಲ್ಲ. ನಾನು ಅಷ್ಟು ಅತ್ತದ್ದನ್ನು ಕಂಡು ಊರಿನವರು ಆಶ್ಚರ್ಯಪಟ್ಟರಂತೆ.

ಮನೆಗೆ ಬಂದು ಅತ್ತೆಯ ಕಾಲನ್ನು ಬಿಸಿನೀರಿನಲ್ಲಿ ಇಟ್ಟು ತಿಕ್ಕುತ್ತಿದ್ದೆ. ಅವರ ಮುಖ ಶಾಂತವಾಗಿತ್ತು.

"ಕುರಾಜಿ ಇಷ್ಟು ಹೊತ್ತಿಗೆ ನಮ್ಮ ಶೋಗೆನ್‌ಗೆ ಸಿಕ್ಕಿರ್ತಾನೆ. ಇಬ್ರೂ ಸೇರಿ ಕುಡೀತಾ ಕೂತಿರ್ತಾರೆ ನೋಡು" ಎಂದರು. "ಅಮ್ಮ ಬರ್ತಾಳೆ, ಸ್ವಲ್ಪ ತಡ ಆಗತ್ತೆ ಅಂತ ಅವನೇ ಹೇಳ್ತಾನೆ ಬಿಡು."

"ಹೂಂ."

"ಒಂದ್ವೇಳೆ ನನಗೆ ಕಾಯಿ ಆಗೋದ್ರೊಳಗೆ ಏನಾದ್ರೂ ಆದ್ರೆ ನೀನು ಬೇಜಾರು ಮಾಡ್ಕೋಬೇಡ. ನೀನಾದ್ರೂ ಹೋಗಿ ಅವನ್ನ ಹುಡುಕು. ನಿನ್ನದು ಪೆಟ್ಟಿಗೇಲಿ ಜೋಪಾನವಾಗಿದೆ ತಾನೇ?"

"ಇದೆ ಅತ್ತೆ" ಎಂದು ಅವರ ಇನ್ನೊಂದು ಕಾಲನ್ನು ನೀರಿಗೆ ಇಳಿಸಿದೆ.